ಭೈಷಜ್ಯದಾನದ ಕಪಾಟು

ಕರ್ನಾಟಕದ ಜೈನ ಶಾಸನಗಳನ್ನು ಓದಿದವರಿಗೆ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳ ಹೆಸರು ಅಪರಿಚಿತವಲ್ಲ. ದಂಡನಾಯಕರನ್ನೂ ಸೆಟ್ಟಿಗಳನ್ನೂ ಅರಸಿಯರನ್ನೂ ಹೊಗಳುವಾಗ ಶಾಸನಕವಿಗಳು ಈ ನಾಲ್ಕನ್ನು ಒಂದೇ ಸಮಾಸದಲ್ಲಿ ಹೆಣೆದು ಹೇಳುತ್ತಿದ್ದರು. ಈ ನಾಲ್ಕರಲ್ಲಿ ಭೈಷಜ್ಯದಾನಕ್ಕೆ ಒಂದು ವಿಚಿತ್ರ ಸ್ವಭಾವವಿದೆ. ಅನ್ನ ಹಳಸಿದರೆ ಮೂಗಿಗೆ ತಿಳಿಯುತ್ತದೆ. ಗ್ರಂಥದ ಗರಿ ಮುರಿದರೆ ಕಣ್ಣಿಗೆ ಕಾಣುತ್ತದೆ. ಆದರೆ ಮಾತ್ರೆಯೊಂದರ ಸತ್ತ್ವ ಕುಂದಿದ್ದರೆ ಅದು ಕೊಡುವವನಿಗೂ ತಿಳಿಯದು, ಪಡೆಯುವವನಿಗೂ ತಿಳಿಯದು. ಕೊಟ್ಟವನು ಪುಣ್ಯ ಬಂತೆಂದು ತಿಳಿಯುತ್ತಾನೆ, ಪಡೆದವನು ಗುಣವಾಗುವುದೆಂದು ಕಾಯುತ್ತಾನೆ.

ಕರಾವಳಿಯ ಒಂದು ಊರಿನ ಬಸದಿಯಲ್ಲಿ, ಕಛೇರಿಗೆ ತಾಗಿದ ಕೋಣೆಯೊಳಗೆ, ಹಲಸಿನ ಮರದ ಹಳೆಯ ಕಪಾಟೊಂದಿದೆ. ಅದರ ಬಾಗಿಲಿನ ಮೇಲೆ ‘ಭೈಷಜ್ಯದಾನ’ ಎಂದು ಬಿಳಿಯ ಬಣ್ಣದಲ್ಲಿ ಬರೆಯಲಾಗಿದೆ. ಮನೆಯಲ್ಲಿ ಉಳಿದ ಔಷಧಿಗಳನ್ನು ಶ್ರಾವಕರು ತಂದು ಅಲ್ಲಿ ಇಡುವುದು, ಬೇಕಾದ ಬಡವರು ಬಂದು ಕೇಳುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. 2021ರ ಬೇಸಿಗೆಯಲ್ಲಿ ಕೊರೋನಾದ ಎರಡನೆಯ ಅಲೆ ಇಳಿದ ಮೇಲೆ ಆ ಕಪಾಟು ತುಂಬಿ ತುಳುಕಿತು. ಭಯದಿಂದ ಕೊಂಡು ಕೂಡಿಟ್ಟಿದ್ದ ಡಾಕ್ಸಿಸೈಕ್ಲಿನ್, ಅಜಿತ್ರೋಮೈಸಿನ್, ಐವರ್‌ಮೆಕ್ಟಿನ್, ವಿಟಮಿನ್ ಸಿ, ಝಿಂಕ್, ಪ್ಯಾರಸಿಟಮಾಲ್ ಮಾತ್ರೆಗಳು ಮನೆಮನೆಗಳಿಂದ ಚೀಲಗಟ್ಟಲೆ ಬಂದವು. ತೀರಿಹೋದವರ ಸಕ್ಕರೆಕಾಯಿಲೆಯ, ರಕ್ತದೊತ್ತಡದ ಔಷಧಿಗಳೂ ಅವುಗಳೊಡನೆ ಬಂದವು. ಕಪಾಟು ಸಾಲದೆ ಎರಡು ರಟ್ಟಿನ ಪೆಟ್ಟಿಗೆಗಳನ್ನು ನೆಲದ ಮೇಲಿಟ್ಟರು. ಎರಡು ಮಳೆಗಾಲ ಅವು ಅಲ್ಲಿಯೇ ಕಳೆದವು.

2023ರ ಜೂನ್ ತಿಂಗಳಲ್ಲಿ, ಚಾತುರ್ಮಾಸದ ಸಿದ್ಧತೆ ನಡೆಯುತ್ತಿದ್ದಾಗ, ಉಚಿತ ಆರೋಗ್ಯ ಶಿಬಿರವೊಂದನ್ನು ನಡೆಸಿ ಈ ಔಷಧಿಗಳನ್ನೆಲ್ಲ ವಿತರಿಸಿಬಿಡಬೇಕೆಂದು ಬಸದಿಯ ಮೊಕ್ತೇಸರರು ಯೋಚಿಸಿದರು. ವಿಂಗಡಿಸಿಕೊಡಲು ಊರಿನ ನಿವೃತ್ತ ಕಂಪೌಂಡರರಿಗೆ ಹೇಳಿಕಳುಹಿಸಿದರು. ಸರಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಸೇವೆ ಸಲ್ಲಿಸಿ ಊರಿಗೆ ಮರಳಿದ್ದ ಅವರನ್ನು ಚಿಕ್ಕವರೆಲ್ಲ ‘ಕಂಪೌಂಡರ್ ಮಾವ’ ಎಂದೇ ಕರೆಯುತ್ತಾರೆ. ವಯಸ್ಸು ಎಪ್ಪತ್ತೆರಡು, ಕಣ್ಣು ಮಂದವಾದರೂ ಚೀಟಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸ ತಪ್ಪಿಲ್ಲ.

ಮೂರು ದಿನ ಕುಳಿತು ನೋಡಿದ ಮೇಲೆ, ಅರ್ಧಕ್ಕಿಂತ ಹೆಚ್ಚಿನವುಗಳ ಅವಧಿ ಮುಗಿದಿದೆಯೆಂದು ಅವರು ತಿಳಿಸಿದರು. ಮೊಕ್ತೇಸರರಿಗೆ ಇದು ಸರಿಬರಲಿಲ್ಲ. ಅವರು ಅಂದದ್ದು ಇಷ್ಟು: “ಮಾವ, ಅಮೆರಿಕದ ಸೈನ್ಯದವರೇ ಪರೀಕ್ಷೆ ಮಾಡಿ ನೋಡಿದ್ದಾರಂತೆ. ತಾರೀಕು ದಾಟಿ ಎಷ್ಟೋ ವರ್ಷವಾದರೂ ಮಾತ್ರೆ ಹಾಳಾಗುವುದಿಲ್ಲವಂತೆ. ಇದೆಲ್ಲ ಕಂಪೆನಿಯವರ ವ್ಯಾಪಾರದ ಉಪಾಯ. ಇಷ್ಟು ಔಷಧಿಯನ್ನು ಬಿಸಾಡುವುದು ಪಾಪವಲ್ಲವೇ?”

ಮೊಕ್ತೇಸರರ ಮಾತು ಸುಳ್ಳಾಗಿರಲಿಲ್ಲ. ಅದು ಪೂರ್ತಿ ಸುಳ್ಳಾಗಿದ್ದರೆ ಕಂಪೌಂಡರರ ಕೆಲಸ ಸುಲಭವಾಗುತ್ತಿತ್ತು.

ಅಮೆರಿಕದ ಸೇನೆಯು ತುರ್ತುಕಾಲಕ್ಕೆಂದು ಕೂಡಿಟ್ಟ ಅಪಾರ ಮೌಲ್ಯದ ಔಷಧ ಸಂಗ್ರಹವನ್ನು ಎರಡು ಮೂರು ವರ್ಷಕ್ಕೊಮ್ಮೆ ನಾಶಮಾಡಿ ಹೊಸತನ್ನು ಕೊಳ್ಳಬೇಕಾಗುತ್ತಿತ್ತು. ಈ ವೆಚ್ಚವನ್ನು ತಗ್ಗಿಸಲೆಂದು ಅಲ್ಲಿನ ರಕ್ಷಣಾ ಇಲಾಖೆ ಹಾಗೂ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಸೇರಿ 1986ರಲ್ಲಿ ಒಂದು ಯೋಜನೆಯನ್ನು ಆರಂಭಿಸಿದವು. ಅವಧಿ ಸಮೀಪಿಸಿದ ಔಷಧಿಗಳ ಮಾದರಿಗಳನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಗುಣ ಉಳಿದಿದ್ದರೆ ಅವಧಿಯನ್ನು ಮುಂದಕ್ಕೆ ಹಾಕುವುದು ಅದರ ಕ್ರಮ. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, 122 ಬಗೆಯ ಔಷಧಿಗಳ 3,005 ತಂಡಗಳನ್ನು ಪರೀಕ್ಷಿಸಿದಾಗ ಶೇಕಡ 88ರಷ್ಟು ತಂಡಗಳ ಅವಧಿಯನ್ನು ಕನಿಷ್ಠ ಒಂದು ವರ್ಷವಾದರೂ ಮುಂದುವರಿಸಲು ಸಾಧ್ಯವಾಯಿತು. ಸರಾಸರಿ ವಿಸ್ತರಣೆ 66 ತಿಂಗಳು, ಅಂದರೆ ಐದೂವರೆ ವರ್ಷ. 2012ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಇನ್ನೂ ಸ್ವಾರಸ್ಯಕರವಾದ ವರದಿಯನ್ನು ಪ್ರಕಟಿಸಿದರು. ಔಷಧದಂಗಡಿಯೊಂದರಲ್ಲಿ ಬಾಯಿ ತೆರೆಯದೆ ಉಳಿದಿದ್ದ, ಅವಧಿ ಮುಗಿದು 28ರಿಂದ 40 ವರ್ಷಗಳಾಗಿದ್ದ ಎಂಟು ಔಷಧಿಗಳನ್ನು ಅವರು ಪರೀಕ್ಷಿಸಿದ್ದರು. ಅಳೆದು ನೋಡಿದ 14 ಸಕ್ರಿಯ ದ್ರವ್ಯಗಳಲ್ಲಿ 12 ದ್ರವ್ಯಗಳು ಚೀಟಿಯಲ್ಲಿ ಹೇಳಿದ ಪ್ರಮಾಣದ ಶೇಕಡ 90ಕ್ಕೆ ಕಡಿಮೆಯಾಗದೆ ಉಳಿದಿದ್ದವು. ಸೋತವುಗಳಲ್ಲಿ ಆಸ್ಪಿರಿನ್ ಒಂದು. ಆಸ್ಪಿರಿನ್ ತೇವ ತಾಗಿದರೆ ಒಡೆದು ಸ್ಯಾಲಿಸಿಲಿಕ್ ಆಮ್ಲವೂ ವಿನೆಗರಿನ ಅಂಶವೂ ಆಗುತ್ತದೆ. ಹಳೆಯ ಬಾಟಲಿಯ ಮುಚ್ಚಳ ತೆಗೆದಾಗ ಹುಳಿವಾಸನೆ ಹೊಡೆಯುವುದು ಇದರಿಂದಲೇ. ಇಂದ್ರಿಯಕ್ಕೆ ಗೋಚರವಾಗುವಂತೆ ಕೆಡುವ ಕೆಲವೇ ಔಷಧಿಗಳಲ್ಲಿ ಅದೂ ಒಂದೆನ್ನಬೇಕು.

ಔಷಧಿಯ ಮೇಲೆ ಮುದ್ರಿಸುವ ದಿನಾಂಕದ ಅರ್ಥವನ್ನೂ ಇಲ್ಲಿ ತಿಳಿಯುವುದು ಯುಕ್ತ. ಆ ದಿನ ಬೆಳಗಾಗುತ್ತಲೇ ಔಷಧಿ ವಿಷವಾಗುತ್ತದೆಂದು ಅದು ಹೇಳುವುದಿಲ್ಲ. ಹೇಳಿದ ರೀತಿಯಲ್ಲಿ, ಮೂಲ ಹೊದಿಕೆಯಲ್ಲಿ ಇಟ್ಟರೆ ಅಂದಿನವರೆಗೆ ಔಷಧಿಯ ಸತ್ತ್ವಕ್ಕೆ ತಯಾರಕನು ಹೊಣೆ ಎಂಬುದಷ್ಟೇ ಅದರ ತಾತ್ಪರ್ಯ. ಸಾಮಾನ್ಯವಾಗಿ ಈ ಸತ್ತ್ವದ ಕೆಳಮಿತಿ ಶೇಕಡ 90. ಎರಡು ಮೂರು ವರ್ಷಗಳ ಪರೀಕ್ಷೆ ನಡೆಸಿದ ಕಂಪೆನಿ ಅಷ್ಟಕ್ಕೆ ಮಾತು ಕೊಡುತ್ತದೆ. ಹತ್ತು ವರ್ಷ ಪರೀಕ್ಷಿಸುವ ಅಗತ್ಯವೂ ಅದಕ್ಕಿಲ್ಲ, ಲಾಭವೂ ಇಲ್ಲ. ಮೊಕ್ತೇಸರರು ‘ವ್ಯಾಪಾರದ ಉಪಾಯ’ ಎಂದದ್ದರಲ್ಲಿ ಇಷ್ಟು ಸತ್ಯಾಂಶವಿತ್ತು.

ಕಂಪೌಂಡರರು ಸೇವೆಯಲ್ಲಿದ್ದಾಗ ಇದನ್ನೆಲ್ಲ ಬಲ್ಲವರೇ ಆಗಿದ್ದರು. ನೆಂಟರಿಷ್ಟರು ಹಳೆಯ ಪಟ್ಟಿಗಳನ್ನು ತಂದು ಕೇಳಿದರೆ “ಇರಲಿ, ಏನಾಗದು” ಎನ್ನುವುದು ಅವರ ರೂಢಿಯಾಗಿತ್ತು. ಹಾಗೆ ಕೇಳಿದವರಲ್ಲಿ ಅವರ ಅಕ್ಕನೂ ಒಬ್ಬರು.

ಅಕ್ಕನ ಯಜಮಾನರಿಗೆ ಎದೆನೋವಿನ ಕಾಯಿಲೆಯಿತ್ತು. ನಾಲಿಗೆಯ ಅಡಿಯಲ್ಲಿ ಇಟ್ಟುಕೊಳ್ಳುವ ನೈಟ್ರೋಗ್ಲಿಸರಿನ್ ಮಾತ್ರೆಯ ಸಣ್ಣ ಗಾಜಿನ ಬಾಟಲಿಯೊಂದು ಸದಾ ಅವರ ಅಂಗಿಯ ಜೇಬಿನಲ್ಲಿರುತ್ತಿತ್ತು. ಅವರು 2019ರಲ್ಲಿ ತೀರಿಕೊಂಡರು. ಎರಡು ವರ್ಷಗಳ ನಂತರ ಅಕ್ಕನಿಗೂ ಅದೇ ಕಾಯಿಲೆಯೆಂದು ವೈದ್ಯರು ಹೇಳಿ, ಅದೇ ಮಾತ್ರೆಯನ್ನು ಬರೆದುಕೊಟ್ಟರು. ಮನೆಯಲ್ಲಿ ಇರುವುದನ್ನು ಮತ್ತೆ ಕೊಳ್ಳುವ ಜಾಯಮಾನ ಅಕ್ಕನದಲ್ಲ. ತಮ್ಮನನ್ನು ಕರೆದು ಬಾಟಲಿ ತೋರಿಸಿದರು. ಅವಧಿ ಮುಗಿದು ವರ್ಷವಾಗಿತ್ತು. “ಇರಲಿ ಅಕ್ಕ, ಮಾತ್ರೆಯ ಸತ್ತ್ವ ಎಲ್ಲಿಗೆ ಹೋಗುತ್ತದೆ?” ಎಂದು ತಮ್ಮ ಉತ್ತರಿಸಿದರು.

ನೈಟ್ರೋಗ್ಲಿಸರಿನ್ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರವಿದೆ: ಗಾಳಿಗೆ ಹೋಗುತ್ತದೆ. ಆ ದ್ರವ್ಯ ಕರ್ಪೂರದಂತೆ ಆರಿಹೋಗುವ ಸ್ವಭಾವದ್ದು. ಪ್ಲಾಸ್ಟಿಕ್ಕು ಅದನ್ನು ಹೀರುತ್ತದೆ. ಬಾಟಲಿಯೊಳಗೆ ತುರುಕಿದ ಹತ್ತಿಯೂ ಹೀರುತ್ತದೆ. ಆ ಮಾತ್ರೆಯನ್ನು ಬಿಗಿಯಾದ ಮುಚ್ಚಳವುಳ್ಳ ಮೂಲ ಗಾಜಿನ ಬಾಟಲಿಯಲ್ಲಿಯೇ ಇಡಬೇಕೆಂದೂ, ಒಮ್ಮೆ ತೆರೆದ ಬಾಟಲಿಯನ್ನು ಕೆಲವೇ ತಿಂಗಳಲ್ಲಿ ಬದಲಾಯಿಸಬೇಕೆಂದೂ ಹೇಳುವುದು ಇದರಿಂದಲೇ. ಕಂಪೌಂಡರರು ಕಲಿತ ಪಾಠದಲ್ಲಿ ಇದೂ ಇತ್ತು. ಅಂದು ನೆನಪಿಗೆ ಬರಲಿಲ್ಲ. ಮೇಲಾಗಿ, ಗಾಜಿನ ಬಾಟಲಿಯ ಮುಚ್ಚಳ ತಿರುಗಿಸಲು ಬೆರಳಿಗೆ ಬಲ ಸಾಲದೆಂದು ಅಕ್ಕ ಆ ಮಾತ್ರೆಗಳನ್ನು ಕುಂಕುಮದ ಒಂದು ಪ್ಲಾಸ್ಟಿಕ್ ಡಬ್ಬಿಗೆ ಸುರಿದುಕೊಂಡಿದ್ದರು. ಇದನ್ನು ಅವರು ಹೇಳಿರಲಿಲ್ಲ, ತಮ್ಮನು ಕೇಳಿರಲಿಲ್ಲ.

2022ರ ಮಳೆಗಾಲದ ಒಂದು ರಾತ್ರಿ ಅಕ್ಕನಿಗೆ ಎದೆನೋವು ಬಂತು. ಒಂದು ಮಾತ್ರೆ ಇಟ್ಟುಕೊಂಡರು. ಇಳಿಯಲಿಲ್ಲ. ಇನ್ನೊಂದು ಇಟ್ಟುಕೊಂಡು, ಈಗ ಇಳಿಯುತ್ತದೆ, ಈಗ ಇಳಿಯುತ್ತದೆ ಎಂದು ಣಮೋಕಾರ ಹೇಳುತ್ತ ಕುಳಿತರು. ಹೊರಗೆ ಮಳೆ, ವಿದ್ಯುತ್ತಿಲ್ಲ. ನಿದ್ರಿಸುತ್ತಿದ್ದ ಸೊಸೆಯನ್ನು ಎಬ್ಬಿಸಲು ಮನಸ್ಸು ಬರಲಿಲ್ಲ. ಒಂದು ಮಾತ್ರೆ ಇಟ್ಟು ಐದು ನಿಮಿಷದಲ್ಲಿ ನೋವು ತಗ್ಗದಿದ್ದರೆ ಆಸ್ಪತ್ರೆಗೆ ಹೊರಡಬೇಕೆಂಬುದು ವೈದ್ಯರ ಸಾಮಾನ್ಯ ಸೂಚನೆ. ಅವರು ಹೊರಟಾಗ ಬೆಳಕು ಹರಿದಿತ್ತು. ಜೀವ ಉಳಿಯಿತು, ಹೃದಯದ ಬಲ ಹಿಂದಿನಂತೆ ಉಳಿಯಲಿಲ್ಲ. ಈಗ ಬಸದಿಯ ಮೆಟ್ಟಿಲು ಹತ್ತಬೇಕಾದರೆ ನಡುವೆ ಎರಡು ಸಲ ಕುಳಿತುಕೊಳ್ಳುತ್ತಾರೆ.

ಹೊಸ ಮಾತ್ರೆಯಿದ್ದರೆ ಆ ಹೃದಯಾಘಾತ ತಪ್ಪುತ್ತಿತ್ತೆಂದು ಯಾರೂ ಹೇಳಲಾರರು. ಆ ಮಾತ್ರೆ ನೋವನ್ನು ಇಳಿಸುತ್ತದೆಯೇ ಹೊರತು ಮುಚ್ಚಿದ ರಕ್ತನಾಳವನ್ನು ತೆರೆಯುವುದಿಲ್ಲ. ಹೊಸ ಮಾತ್ರೆಗೂ ನೋವು ಇಳಿಯದಿದ್ದರೆ ಇದು ಬೇರೆಯ ನೋವೆಂದು ಅಕ್ಕನಿಗೆ ಬೇಗ ತಿಳಿಯುತ್ತಿತ್ತು. ಹಳೆಯ ಮಾತ್ರೆ ಅವರನ್ನು ಸುಮ್ಮನೆ ಕಾಯಿಸಿತು. ಹೃದಯದ ವಿಷಯದಲ್ಲಿ ಕಳೆದ ಗಂಟೆಗಳಿಗೆ ಬೆಲೆಯಿದೆ. ಅಕ್ಕ ತಮ್ಮನನ್ನು ಒಂದು ಮಾತೂ ಆಡಲಿಲ್ಲ, “ನನ್ನ ಕರ್ಮ” ಎಂದು ಸುಮ್ಮನಾದರು. ಬೈದಿದ್ದರೆ ತಮ್ಮನಿಗೆ ಹಗುರವಾಗುತ್ತಿತ್ತೇನೋ.

ಇದು ಮೊಕ್ತೇಸರರಿಗೆ ತಿಳಿದಿರಲಿಲ್ಲ. ಕಪಾಟಿನ ಮುಂದೆ ಕುಳಿತು ಕಂಪೌಂಡರರು ಅಂದು ಅದನ್ನು ಹೇಳಿದರು. ಬಳಿಕ ಅಮೆರಿಕದ ಪರೀಕ್ಷೆಯ ವಿಷಯಕ್ಕೆ ಬಂದರು. ಅಲ್ಲಿ ಪರೀಕ್ಷಿಸಿದ್ದು ತಯಾರಕರು ಮುಚ್ಚಿದ ಮೂಲ ಡಬ್ಬಿಗಳಲ್ಲಿ, ಶಾಖ ಮತ್ತು ತೇವವನ್ನು ಹದದಲ್ಲಿಟ್ಟ ಉಗ್ರಾಣಗಳಲ್ಲಿದ್ದ ಔಷಧಿಗಳನ್ನು. ಅಲ್ಲಿಯೂ ಒಂದೇ ಔಷಧಿಯ ಒಂದು ತಂಡ ಬಹುಕಾಲ ಉಳಿದರೆ ಇನ್ನೊಂದು ಬೇಗನೆ ಸೋತಿತ್ತು. ಪರೀಕ್ಷಿಸದೆ ಯಾವುದನ್ನೂ ನಂಬುವಂತಿಲ್ಲವೆಂದು ಆ ಸಂಶೋಧಕರೇ ಬರೆದಿದ್ದಾರೆ. ಬಸದಿಯ ಕೋಣೆಯಲ್ಲಿ ಪ್ರಯೋಗಶಾಲೆಯಿಲ್ಲ. ಆಷಾಢದಲ್ಲಿ ಅಲ್ಲಿ ಗೋಡೆ ಬೆವರುತ್ತದೆ, ರಟ್ಟಿನ ಪೆಟ್ಟಿಗೆಯ ತಳ ಕೈಗೆ ಮೆತ್ತಗಾಗಿ ಬರುತ್ತದೆ. ಭಾರತದಲ್ಲಿ ಔಷಧಿಯ ಬಾಳಿಕೆಯನ್ನು ಪರೀಕ್ಷಿಸುವಾಗ 30 ಡಿಗ್ರಿ ಶಾಖ, ಶೇಕಡ 70ರಷ್ಟು ತೇವಾಂಶವನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಕರಾವಳಿಯ ಮಳೆಗಾಲದ ತೇವ ಈ ಎಲ್ಲೆಯನ್ನು ಎಷ್ಟೋ ದಿನ ಮೀರಿರುತ್ತದೆ.

ಜೈನ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನ ಮರ್ಯಾದೆಯೆಂದು ವ್ರತಿಗಳ ಅಡುಗೆ ಮಾಡುವವರೆಲ್ಲರೂ ಬಲ್ಲರು. ಸೋಸಿದ ನೀರಿಗೆ ನಲವತ್ತೆಂಟು ನಿಮಿಷ, ಕುದಿಸಿದ ನೀರಿಗೆ ಇಪ್ಪತ್ತನಾಲ್ಕು ಗಂಟೆ. ಹಿಟ್ಟು ಒಂದೇ, ಕಾಲ ಬೇರೆ. ಆದುದರಿಂದ ಮರ್ಯಾದೆಯೂ ಬೇರೆ. ಅದೂ ತೇವದ ಕಾಲದಲ್ಲಿಯೇ ಅತಿ ಕಡಿಮೆ. ಪ್ರಾಚೀನ ವೈದ್ಯರೂ ಔಷಧಕ್ಕೆ ಇಂತಹ ಮರ್ಯಾದೆಯನ್ನು ಹೇಳಿದ್ದಾರೆ. ಶಾರ್ಙ್ಗಧರ ಸಂಹಿತೆಯ ಪ್ರಕಾರ ಚೂರ್ಣದ ವೀರ್ಯ ಎರಡು ತಿಂಗಳಿಗೆ ಕುಂದುತ್ತದೆ, ಗುಟಿಕೆ ಮತ್ತು ಲೇಹ್ಯಗಳದು ಒಂದು ವರ್ಷಕ್ಕೆ. ಆಸವ ಮತ್ತು ರಸೌಷಧಗಳು ಮಾತ್ರ ಹಳತಾದಷ್ಟೂ ಗುಣಯುಕ್ತ. ಎಲ್ಲ ಔಷಧಕ್ಕೂ ಒಂದೇ ಮಾತು ಸಲ್ಲದೆಂಬ ವಿವೇಕ ಅಲ್ಲಿಯೇ ಇತ್ತು.

ಇಂದಿನ ಔಷಧಿಗಳಲ್ಲಿಯೂ ಹಾಗೆಯೇ. ಒಣಗಿದ ಗಟ್ಟಿ ಮಾತ್ರೆ, ಅದರ ಪಟ್ಟಿ ಹರಿಯದಿದ್ದರೆ, ದೀರ್ಘಾಯುಷಿ. ದ್ರವ ಅಲ್ಪಾಯುಷಿ. ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಪುಡಿಗೆ ನೀರು ಬೆರೆಸಿದ ಮೇಲೆ ಅದರ ಕಾಲ ವರ್ಷಗಳಿಂದ ದಿನಗಳಿಗೆ ಇಳಿಯುತ್ತದೆ. ಸಾಮಾನ್ಯವಾಗಿ ಒಂದು ವಾರ. ಕಣ್ಣಿನ ಹನಿಯ ಬಾಟಲಿ ತೆರೆದು ನಾಲ್ಕು ವಾರವಾದರೆ, ಮೇಲೆ ಯಾವ ತಾರೀಕಿದ್ದರೂ, ಬಿಟ್ಟುಬಿಡತಕ್ಕದ್ದು. ಇನ್ಸುಲಿನ್ ಶೀತಲ ಪೆಟ್ಟಿಗೆಯಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಲೂಬಾರದು. ಬಳಕೆಗೆ ತೆರೆದದ್ದು ಹೆಚ್ಚಿನವು 28 ದಿನ. ಕಪಾಟಿನಲ್ಲಿ ಇನ್ಸುಲಿನ್ ಸೀಸೆಗಳೂ ಇದ್ದವು! ದಾನಿಗಳ ಸದ್ಭಾವಕ್ಕೆ ಕೊರತೆಯಿರಲಿಲ್ಲ.

ಶ್ರಾವಕರ ಮನೆಗಳಿಗೇ ವಿಶೇಷವಾದ ಇನ್ನೊಂದು ಅಭ್ಯಾಸವನ್ನು ಕಂಪೌಂಡರರು ಅಲ್ಲಿ ಕಂಡರು. ಕ್ಯಾಪ್ಸೂಲಿನ ಹೊರಗವಚ ಪ್ರಾಣಿಗಳ ಚರ್ಮ, ಎಲುಬುಗಳಿಂದ ತೆಗೆದ ಜಿಲೇಟಿನ್ ಎಂದು ತಿಳಿದ ಮೇಲೆ, ಎಷ್ಟೋ ಮನೆಗಳಲ್ಲಿ ಕವಚವನ್ನು ಬಿಚ್ಚಿ ಪುಡಿಯನ್ನು ಮಾತ್ರ ಸೇವಿಸುತ್ತಾರೆ. ಹಾಗೆ ಒಮ್ಮೆಗೇ ಹತ್ತಿಪ್ಪತ್ತು ಕ್ಯಾಪ್ಸೂಲುಗಳನ್ನು ಬಿಚ್ಚಿ ಕಾಗದದ ಪೊಟ್ಟಣಗಳಲ್ಲಿ ಕಟ್ಟಿಟ್ಟದ್ದು, ಮೇಲೆ ಪೆನ್ಸಿಲಿನಲ್ಲಿ ಹೆಸರು ಬರೆದದ್ದು ಕಪಾಟಿನಲ್ಲಿ ಸಿಕ್ಕಿತು. ಅಭಿಪ್ರಾಯ ಶುದ್ಧವಾದದ್ದು. ಆದರೆ ಪಟ್ಟಿಯ ಮೇಲಿನ ತಾರೀಕು ಪಟ್ಟಿಗೆ ಸೇರಿದ್ದು, ಪೊಟ್ಟಣಕ್ಕಲ್ಲ. ಬಿಚ್ಚಿದ ಕ್ಷಣದಿಂದ ಆ ಪುಡಿಗೆ ಯಾರ ಹೊಣೆಯೂ ಇಲ್ಲ. ಕೆಲವು ಔಷಧಿಗಳ ಕವಚವೋ ಒಳಗಿನ ಕಾಳುಗಳ ಲೇಪವೋ ಜಠರದ ಆಮ್ಲದಿಂದ ರಕ್ಷಿಸಲೆಂದೇ ಇರುತ್ತದೆ. ಅಂತಹವನ್ನು ಬಿಚ್ಚುವುದಕ್ಕಿಂತ, ಅದೇ ಔಷಧಿ ಮಾತ್ರೆಯ ರೂಪದಲ್ಲಿ ಅಥವಾ ಸಸ್ಯಮೂಲದ ಕವಚದಲ್ಲಿ ದೊರೆಯುವುದೇ ಎಂದು ವೈದ್ಯರನ್ನು ಮೊದಲೇ ಕೇಳುವುದು ಲೇಸು.

ಹಳೆಯ ಔಷಧಿ ನಿಷ್ಪ್ರಯೋಜಕವಾದೀತೇ ಹೊರತು ಹಾನಿ ಮಾಡದು ಎಂಬ ಮಾತೂ ಅಂದು ಬಂತು. ಬಹುಮಟ್ಟಿಗೆ ಇದು ನಿಜ. 1963ರಲ್ಲಿ ಅಮೆರಿಕದಲ್ಲಿ ಹಳೆಯ ಟೆಟ್ರಾಸೈಕ್ಲಿನ್ ಸೇವಿಸಿದ ಕೆಲವರ ಮೂತ್ರಪಿಂಡಗಳು ಕೆಟ್ಟ ಪ್ರಕರಣ ವೈದ್ಯಲೋಕದಲ್ಲಿ ಪ್ರಸಿದ್ಧ; ಅಂದಿನ ಮಿಶ್ರಣದಲ್ಲಿದ್ದ ಸಿಟ್ರಿಕ್ ಆಮ್ಲ ಔಷಧಿಯನ್ನು ಬೇಗ ಒಡೆಯುತ್ತಿತ್ತು, ಆ ಮಿಶ್ರಣವನ್ನು ಮುಂದೆ ಕೈಬಿಡಲಾಯಿತು. ಅಂತಹ ಉದಾಹರಣೆಗಳು ವಿರಳ. ಆದರೆ ‘ನಿಷ್ಪ್ರಯೋಜಕ’ ಎಂಬುದು ಹಾನಿಯಲ್ಲವೆಂದು ಹೇಳುವವರು ಅಕ್ಕನ ಆ ರಾತ್ರಿಯನ್ನು ಎಣಿಕೆಗೆ ತೆಗೆದುಕೊಂಡಿಲ್ಲ. ಸತ್ತ್ವ ಕುಂದಿದ ಪ್ರತಿಜೀವಕವನ್ನು ನುಂಗಿದವನಲ್ಲಿ ರೋಗಾಣು ಅರೆಪೆಟ್ಟು ತಿಂದು ಇನ್ನಷ್ಟು ಬಲಿಯಬಹುದು. ಆಗ ಕೆಡುಕು ಅವನೊಬ್ಬನಿಗೇ ನಿಲ್ಲುವುದಿಲ್ಲ.

ಮೊಕ್ತೇಸರರು ಸುಲಭವಾಗಿ ಬಿಟ್ಟುಕೊಡುವವರಾಗಿರಲಿಲ್ಲ. “ನಿಜ ಹೇಳಿ ಮಾವ, ನಿಮ್ಮ ಮನೆಯಲ್ಲಿ ತಾರೀಕು ದಾಟಿದ ಪ್ಯಾರಸಿಟಮಾಲ್ ನೀವು ತಿಂದಿಲ್ಲವೇ?” ಎಂದರು.

“ತಿಂದಿದ್ದೇನೆ. ನಾಳೆ ತಲೆನೋವು ಬಂದರೆ ತಿಂದರೂ ತಿಂದೇನು. ಅದು ಎಲ್ಲಿತ್ತೆಂದು ನನಗೆ ಗೊತ್ತು. ಇಳಿಯದಿದ್ದರೆ ಪೇಟೆಗೆ ಹೋಗುತ್ತೇನೆ. ಇಲ್ಲಿ ಕೈಯೊಡ್ಡಿ ಬರುವವನಿಗೆ ಏನು ಗೊತ್ತು ಹೇಳಿ.”

ಅಲ್ಲಿದ್ದ ಒಬ್ಬ ಸದಸ್ಯರು, ತಾರೀಕಿನ ತುದಿಯನ್ನು ಕತ್ತರಿಸಿ ಕೊಟ್ಟರೆ ತೆಗೆದುಕೊಳ್ಳುವವರಿಗೆ ವೃಥಾ ಭಯವಿರುವುದಿಲ್ಲವೆಂದರು. ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ. ಒಳ್ಳೆಯ ವಸ್ತು ಹಾಳಾಗುವುದೆಂಬ ಕಳವಳವಷ್ಟೇ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಹೀನಾಧಿಕ ಮಾನೋನ್ಮಾನ, ಪ್ರತಿರೂಪಕ ವ್ಯವಹಾರ ಎಂಬ ಎರಡನ್ನು ಹೇಳಿದೆ: ಅಳತೆಯಲ್ಲಿ ಕಡಿಮೆ ಕೊಡುವುದು, ಒಂದರಂತೆ ತೋರುವ ಇನ್ನೊಂದನ್ನು ಕೊಡುವುದು. ಐನೂರು ಎಂದು ಬರೆದ ಮಾತ್ರೆಯಲ್ಲಿ ಮುನ್ನೂರೈವತ್ತು ಉಳಿದಿದ್ದರೆ ಅದು ಯಾವ ತಕ್ಕಡಿಯ ತೂಕ? ಇಂದ್ರರು ಈ ನಡುವೆ, ದಾನದ ಅತಿಚಾರಗಳಲ್ಲಿ ‘ಕಾಲಾತಿಕ್ರಮ’ವೂ ಇದೆಯಲ್ಲ ಎಂದು ನೆನಪಿಸಿದರು. ಅಲ್ಲಿ ಅದರ ಅರ್ಥ ಅತಿಥಿಯ ಆಹಾರವೇಳೆಯನ್ನು ಮೀರಿ ಕೊಡುವುದೆಂದೇ ಹೊರತು ಹಳಸಿದ್ದನ್ನು ಕೊಡುವುದೆಂದಲ್ಲ. ಆದರೂ ಆ ಪದ ಕೋಣೆಯಲ್ಲಿ ಸ್ವಲ್ಪ ಹೊತ್ತು ಉಳಿಯಿತು. ಅವಧಿ ಮೀರಿದ ಔಷಧಿಯನ್ನು ಮಾರುವುದನ್ನು ದೇಶದ ಔಷಧ ನಿಯಮಗಳೂ ನಿಷೇಧಿಸಿವೆ. ಅಂಗಡಿಯವನು ಮಾರಬಾರದ್ದನ್ನು ಬಸದಿಯು ದಾನವಾಗಿ ಕೊಡಬಹುದೆಂಬ ವಾದವನ್ನು ಅಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ.

ಇಂತಹ ದಾನದ ಕಥೆ ಒಂದು ಊರಿನದಲ್ಲ. 1988ರಲ್ಲಿ ಆರ್ಮೇನಿಯದಲ್ಲಿ ಭೂಕಂಪವಾದಾಗ ಲೋಕದ ಎಲ್ಲೆಡೆಯಿಂದ ಸುಮಾರು 5,000 ಟನ್ ಔಷಧ ಸಾಮಗ್ರಿ ಬಂತು. ಅದರಲ್ಲಿ ಶೇಕಡ 8ರಷ್ಟು ಬಂದಾಗಲೇ ಅವಧಿ ಮುಗಿದಿತ್ತು, ಶೇಕಡ 4ರಷ್ಟು ಹಿಮದಿಂದ ಹಾಳಾಗಿತ್ತು. 1992ರಿಂದ 1996ರವರೆಗೆ ಯುದ್ಧದಲ್ಲಿ ನೊಂದ ಬೋಸ್ನಿಯಕ್ಕೆ ಬಂದ ದಾನದಲ್ಲಿ ಸುಮಾರು 17,000 ಟನ್ ಉಪಯೋಗಕ್ಕೆ ಬಾರದ್ದೆಂದು ಅಂದಾಜಾಯಿತು. ನೊಂದವರ ತಲೆಯ ಮೇಲೆ ಅದನ್ನು ನಾಶಮಾಡುವ ವೆಚ್ಚವೂ ಬಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 1996ರಲ್ಲಿ ಔಷಧದಾನಕ್ಕೆ ಮಾರ್ಗಸೂಚಿ ಹೊರಡಿಸಿ, ದಾನದ ಔಷಧಿ ತಲಪುವಾಗ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕೆಂದೂ, ಒಮ್ಮೆ ರೋಗಿಗಳ ಕೈಗೆ ಹೋಗಿ ಮರಳಿದ್ದನ್ನು ದಾನವಾಗಿ ಕೊಡಬಾರದೆಂದೂ ಹೇಳಿತು. ಎರಡನೆಯ ಮಾತನ್ನು ಒಪ್ಪಿದರೆ ಬಸದಿಯ ಕಪಾಟಿನಲ್ಲಿ ಏನೂ ಉಳಿಯುವುದಿಲ್ಲ. ಕಂಪೌಂಡರರು ಇದನ್ನೂ ಮುಚ್ಚಿಡಲಿಲ್ಲ.

ಹಾಗಾದರೆ ಇಷ್ಟನ್ನೂ ಏನು ಮಾಡುವುದು? ಗೋಶಾಲೆಗೆ ಕಳುಹಿಸೋಣ, ಮನುಷ್ಯರಿಗಲ್ಲದಿದ್ದರೆ ದನಗಳಿಗಾದರೂ ಆಗಲಿ ಎಂಬ ಸೂಚನೆ ಬಂತು. ನೋವಿನ ಮಾತ್ರೆಗಳೇ ಎರಡು ಚೀಲ ಇದ್ದವು. ಹೆಚ್ಚಿನವು ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್. ಇಲ್ಲಿ ಕಂಪೌಂಡರರ ದನಿ ಮೊದಲ ಸಲ ಏರಿತು. 1990ರ ದಶಕದಿಂದ ಭಾರತದ ಮೂರು ಜಾತಿಯ ರಣಹದ್ದುಗಳು ಶೇಕಡ 97ಕ್ಕೂ ಹೆಚ್ಚು ನಾಶವಾದದ್ದಕ್ಕೆ ಕಾರಣ ದನಗಳಿಗೆ ಕರುಣೆಯಿಂದ ಕೊಟ್ಟ ಡೈಕ್ಲೋಫೆನಾಕ್ ಎಂದು 2004ರಲ್ಲಿ ಪತ್ತೆಯಾಯಿತು. ಸತ್ತ ದನದ ದೇಹದಲ್ಲಿ ಉಳಿದ ಔಷಧಿ ಹದ್ದಿನ ಮೂತ್ರಪಿಂಡವನ್ನು ಕೊಲ್ಲುತ್ತಿತ್ತು. 2006ರಲ್ಲಿ ಪಶುಗಳಿಗೆ ಅದರ ತಯಾರಿಕೆ ನಿಷೇಧವಾಯಿತು. ದನದ ದೇಹದಲ್ಲಿ ಅಸಿಕ್ಲೋಫೆನಾಕ್ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ. ಪಶುಗಳಿಗೆ ಅದನ್ನೂ ಸರಕಾರ ಅದೇ 2023ರ ಜುಲೈ ಕೊನೆಯಲ್ಲಿ ನಿಷೇಧಿಸಿತು. ಒಂದು ಜೀವದ ನೋವಿಗೆ ಕೊಟ್ಟದ್ದು ಇನ್ನೊಂದು ಜೀವಜಾತಿಯ ಮೃತ್ಯುವಾದ ಈ ಪ್ರಸಂಗವನ್ನು ಅಹಿಂಸಾಧರ್ಮಿಗಳು ನಡೆಸುವ ಗೋಶಾಲೆಗಳಲ್ಲಿ ಗೋಡೆಯ ಮೇಲೆ ಬರೆದಿಡಬಹುದು.

ಬಸದಿಯ ಕೆರೆಯ ಮೂಲೆಯಲ್ಲಿ ಹೂಳುವ ಮಾತೂ ಬಂತು. ಹಿಂದೊಮ್ಮೆ ಹಾಗೆ ಮಾಡಿದ್ದೂ ಉಂಟಂತೆ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮರಳಿ ಅದೇ ನೀರಿಗೆ ಬಿಡುವ ಜನ, ಪ್ರತಿಜೀವಕಗಳ ಪೊಟ್ಟಣವನ್ನು ಆ ನೀರಿನ ದಡದಲ್ಲಿ ಹೂಳುವುದೆಂದರೆ! ಆಸ್ಪತ್ರೆಗಳಲ್ಲಿ ಅವಧಿ ಮುಗಿದ ಔಷಧಿಯನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಹಳದಿ ಚೀಲದಲ್ಲಿ ಹಾಕಿ, ದಹನಕೇಂದ್ರಕ್ಕೆ ಕಳುಹಿಸುತ್ತಾರೆ. ಮನೆಗಳಿಗೆ ಅಂತಹ ಏರ್ಪಾಡು ಬಹುಕಾಲ ಇರಲೇ ಇಲ್ಲ. ನೆರೆಯ ಕೇರಳವು 2025ರಲ್ಲಿ ಮನೆಗಳಿಂದ ಬೇಡದ ಔಷಧಿ ಸಂಗ್ರಹಿಸುವ ಯೋಜನೆಯನ್ನು ಆರಂಭಿಸಿತು. ಕಂಪೌಂಡರರು ತಾವು ಹಿಂದೆ ಕೆಲಸ ಮಾಡಿದ ಆಸ್ಪತ್ರೆಗೆ ಎರಡು ಸಲ ನಡೆದು, ಅಲ್ಲಿನ ಹಳದಿ ಚೀಲಗಳೊಡನೆ ಬಸದಿಯ ಚೀಲಗಳನ್ನೂ ಕಳುಹಿಸಲು ಒಪ್ಪಿಸಿದರು.

ಕೊನೆಗೆ ಸಭೆಯಲ್ಲಿ ಆದ ತೀರ್ಮಾನ ಅರ್ಧ ಕಂಪೌಂಡರರದು, ಅರ್ಧ ಮೊಕ್ತೇಸರರದು. ಮನೆಯಲ್ಲಿ ಉಳಿದ ಔಷಧಿಯನ್ನು ಇನ್ನು ಸ್ವೀಕರಿಸಬಾರದು. ಭೈಷಜ್ಯದಾನ ಮಾಡಬಯಸುವವರು ಹಣ ಕೊಡಲಿ. ವೈದ್ಯರ ಚೀಟಿ ತಂದ ಬಡವರಿಗೆ ಪೇಟೆಯ ಔಷಧದಂಗಡಿಯಲ್ಲಿ ಬಸದಿಯ ಲೆಕ್ಕದಿಂದ ಕೊಡಿಸಲಾಗುವುದು. ಶಿಬಿರವನ್ನು ಮೊಕ್ತೇಸರರು ಬಿಡಲಿಲ್ಲ. ಹೊಸ ಔಷಧಿ ಕೊಂಡು ನಡೆಸಿದರು. ಖರ್ಚು ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚಾಯಿತೆಂದು ಇಂದಿಗೂ ಹೇಳುವುದುಂಟು, ಅದರಲ್ಲಿ ಸ್ವಲ್ಪ ಅಭಿಮಾನವೂ ಬೆರೆತಿರುತ್ತದೆ.

ನಿಯಮ ಬರೆದಷ್ಟು ಸುಲಭವಾಗಿ ನಡೆಯಲಿಲ್ಲ. ತೀರ್ಮಾನವಾದ ಮರುವಾರವೇ ಹೆಣ್ಣುಮಗಳೊಬ್ಬಳು ತನ್ನ ತಂದೆಯ ಔಷಧಿಗಳನ್ನು ರೇಷ್ಮೆಯ ಚೀಲವೊಂದರಲ್ಲಿ ತಂದಳು. ತಂದೆ ತೀರಿ ಹದಿಮೂರು ದಿನವಾಗಿತ್ತು. ಹಲವು ಪಟ್ಟಿಗಳನ್ನು ತೆರೆದೇ ಇರಲಿಲ್ಲ, ಬೆಲೆಬಾಳುವ ಔಷಧಿಗಳು. “ಅಪ್ಪನ ಹೆಸರಿನಲ್ಲಿ ಯಾರಿಗಾದರೂ ಆಗಲಿ, ಮಾವ” ಎಂದಳು. ಕಂಪೌಂಡರರು ನಿಯಮ ಹೇಳಲಿಲ್ಲ. ಒಂದೊಂದೇ ಪಟ್ಟಿಯನ್ನು ಬೆಳಕಿಗೆ ಹಿಡಿದು ತಾರೀಕು ಓದಿದರು, ತಂದೆಗೆ ಯಾವಾಗ ಯಾವುದನ್ನು ಕೊಡುತ್ತಿದ್ದರೆಂದು ಕೇಳಿದರು, ಅವಳು ಹೇಳುತ್ತ ಹೋದಳು. ಚೀಲವನ್ನು ಪಡೆದುಕೊಂಡು ರಶೀದಿ ಪುಸ್ತಕದಲ್ಲಿ ತಂದೆಯ ಹೆಸರು ಬರೆದರು. ಅವಳು ಹೋದ ಮೇಲೆ ಔಷಧಿಯನ್ನು ಹಳದಿ ಚೀಲಕ್ಕೆ ಹಾಕಿ, ತಮ್ಮ ಜೇಬಿನಿಂದ ಐನೂರು ರೂಪಾಯಿ ತೆಗೆದು ಅದೇ ಹೆಸರಿನಲ್ಲಿ ಹುಂಡಿಗೆ ಹಾಕಿದರು. ಇದು ಸತ್ಯವ್ರತಕ್ಕೆ ಸಲ್ಲುತ್ತದೆಯೇ ಎಂದು ಇಂದ್ರರು ಕೇಳಿದಾಗ ಅವರು ಉತ್ತರ ಕೊಡಲಿಲ್ಲ.

ಆಸ್ಪತ್ರೆಯ ಗಾಡಿ ಬಂದ ದಿನ ಅಕ್ಕ ಮೆಟ್ಟಿಲಲ್ಲಿ ಎರಡು ಸಲ ಕುಳಿತು ಮೇಲೆ ಬಂದರು. ಸೆರಗಿನ ತುದಿಯಿಂದ ಕುಂಕುಮದ ಆ ಪ್ಲಾಸ್ಟಿಕ್ ಡಬ್ಬಿಯನ್ನು ಬಿಚ್ಚಿ, “ಇದನ್ನೂ ಹಾಕು ತಮ್ಮಾ” ಎಂದು ಕೊಟ್ಟರು. ತಮ್ಮ ಮುಚ್ಚಳ ತೆಗೆದು ನೋಡಿದರು. ಒಳಗೆ ಹನ್ನೊಂದು ಮಾತ್ರೆಗಳಿದ್ದವು, ಅಂಗಡಿಯಿಂದ ತಂದ ದಿನದಷ್ಟೇ ಬಿಳುಪಾಗಿ.